ಕೂಲಿ ಕೇಳದ ಕೆಲಸಗಾರರು



ಮಳೆ ಹಿಡಿದ ರಾತ್ರಿ ಗದ್ದೆ ಬಯಲಿನಲ್ಲಿ ಕಪ್ಪೆಗಳು ವಟಗುಟ್ಟುವುದನ್ನು ತಾವು ಕೇಳಿರಬಹುದು. ನಿದ್ದೆಗೆಡಿಸುವ ಗದ್ದಲವೆಂದು ಬೇಸರಪಟ್ಟುಕೊಂಡಿರಲೂಬಹುದು. ಆದರೆ ನಾವು ಮಲಗಿರುವಾಗ ನಮ್ಮ ಪೈರನ್ನು ಕಾಯುವವರಲ್ಲಿ ಅವೂ ಸೇರಿವೆಯೆಂದು ಎಂದಾದರೂ ಯೋಚಿಸಿದ್ದೇವೆಯೇ?

ಹೇಮಾವತಿಯ ನೀರು ಕಂಡ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಭತ್ತ, ರಾಗಿ, ಆಲೂಗಡ್ಡೆ, ತೆಂಗು ಬೆಳೆಯುತ್ತಾರೆ. ಭತ್ತದ ಗದ್ದೆಯ ಕಪ್ಪೆಗೆ ಜಿಗಿಹುಳು, ಪತಂಗ, ಮಿಡತೆಗಳೇ ಆಹಾರ. ದೊಡ್ಡ ಗೂಳಿಗಪ್ಪೆ ಬದು ಕೊರೆಯುವ ಏಡಿಯನ್ನೂ ನುಂಗುತ್ತದೆ. ಇಲಿಯ ಬಿಲಕ್ಕೇ ನುಗ್ಗುವ ಕೇರೆ ಹಾವಿಗೆ ವಿಷವಿಲ್ಲ. ಗೂಬೆಯನ್ನು ಅಪಶಕುನವೆಂದು ಓಡಿಸುತ್ತೇವೆ. ಅದು ರಾತ್ರಿಯಿಡೀ ಇಲಿ ಹಿಡಿಯುತ್ತದೆ. ಉಳುವಾಗ ನೇಗಿಲ ಹಿಂದೆ ಬರುವ ಬೆಳ್ಳಕ್ಕಿ ಮಣ್ಣಿನ ಹುಳುಗಳನ್ನು ಆರಿಸುತ್ತದೆ. ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳುವಿಗೆ ಗೋನಿಯೋಜಸ್ ಎಂಬ ಪುಟ್ಟ ಕಣಜವೇ ಶತ್ರು. ತೋಟಗಾರಿಕೆ ಇಲಾಖೆಯೇ ಅದನ್ನು ಸಾಕಿ ತೋಟಗಳಿಗೆ ಬಿಡಿಸುತ್ತದೆ.

ಒಂದು ಕಾಲದಲ್ಲಿ ನಮ್ಮ ದೇಶ ವರ್ಷಕ್ಕೆ ಸಾವಿರಾರು ಟನ್ ಕಪ್ಪೆ ಕಾಲುಗಳನ್ನು ವಿದೇಶಕ್ಕೆ ಮಾರುತ್ತಿತ್ತು. ಕಪ್ಪೆ ಕಡಿಮೆಯಾದರೆ ಕೀಟ ಹೆಚ್ಚೀತು, ಕೀಟನಾಶಕದ ಖರ್ಚೂ ಏರೀತು ಎಂಬ ಆತಂಕ ಎದ್ದಿತು. 1987ರಲ್ಲಿ ಸರಕಾರ ಆ ರಫ್ತನ್ನು ನಿಷೇಧಿಸಿತು. ಆದರೆ ಹಿಡಿದು ಕೊಲ್ಲುವುದು ನಿಂತರೂ ವಿಷ ಸಿಂಪಡಿಸಿ ಕೊಲ್ಲುವುದು ನಿಂತಿಲ್ಲ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನೀರಿಗೆ ಬೆರೆತ ವಿಷ ನೇರವಾಗಿ ಅದರ ಮೈ ಸೇರುತ್ತದೆ. ಪಾಷಾಣ ತಿಂದ ಇಲಿಯನ್ನು ಹಿಡಿದ ಗೂಬೆಗೂ ಅದೇ ಗತಿ. ಹೀಗೆ ಕಾವಲುಗಾರರು ಸತ್ತ ಮೇಲೆ ಕೀಟಗಳು ಮತ್ತೆ ಹೆಚ್ಚುತ್ತವೆ. ರೈತ ಇನ್ನೊಂದು ಡಬ್ಬಿ ವಿಷಕ್ಕೆ ಸಾಲ ಮಾಡುತ್ತಾನೆ.

ಕಪ್ಪೆಯನ್ನು ಔಷಧಿಗೆ ಬಳಸಬಹುದೇ ಎಂದು ವೈದ್ಯರೊಬ್ಬರು ಕೇಳಿದಾಗ ಪ್ರವಾದಿ(ಸ)ಯವರು ಅದನ್ನು ಕೊಲ್ಲಬಾರದೆಂದು ತಡೆದರೆಂದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಬಿತ್ತಿದ್ದರಲ್ಲಿ ಹಕ್ಕಿಯೋ ಪ್ರಾಣಿಯೋ ತಿಂದರೆ ಅದೂ ಬಿತ್ತಿದವನ ಪಾಲಿಗೆ ದಾನವೆಂದು ಅವರು ಕಲಿಸಿದರು. ಭೂಮಿ ನಮ್ಮ ಕೈಯಲ್ಲಿರುವ ಅಮಾನತ್ತು. ಪಹಣಿಯಲ್ಲಿ ನಮ್ಮ ಹೆಸರಿರಬಹುದು. ಆದರೆ ಅದರ ಮೇಲೆ ಬದುಕುವ ಜೀವಿಗಳನ್ನು ಸೃಷ್ಟಿಸಿದವರು ನಾವಲ್ಲ.

ಹಾಗೆಂದು ಬೆಳೆ ಹಾಳಾಗುವುದನ್ನು ನೋಡುತ್ತಾ ಕೂರಬೇಕೆಂದಲ್ಲ. ಒಂದೆರಡು ಹುಳು ಕಂಡೊಡನೆ ಸಿಂಪಡಿಸಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಅನಿವಾರ್ಯವಾದರೆ ಹೇಳಿದಷ್ಟೇ ಬಳಸಿ. ಸಿಂಪಡಿಸಿದ ಡಬ್ಬಿಯನ್ನು ನಾಲೆಯಲ್ಲಿ ತೊಳೆಯಬೇಡಿ; ಕೆಳಗಿನ ಊರಿನವರು ಅದೇ ನೀರನ್ನು ದನಕರುಗಳಿಗೆ ಕುಡಿಸುತ್ತಾರೆ. ಬದುವಿನ ಹುಲ್ಲಿಗೆ ಬೆಂಕಿ ಹಚ್ಚಬೇಡಿ. ಹಕ್ಕಿ ಕೂರಲು ಗದ್ದೆಯಲ್ಲಿ ಅಲ್ಲಲ್ಲಿ ಕವಲು ಕಡ್ಡಿ ನೆಡಿ. ಕೇರೆ ಹಾವು ಕಂಡರೆ ದೊಣ್ಣೆ ಹುಡುಕದೆ ದಾರಿ ಬಿಡಿ.

ಕೆಲಸಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ನಾವು ಬಲ್ಲೆವು. ಈ ಕೆಲಸಗಾರರು ಕೂಲಿಯನ್ನೇ ಕೇಳುವುದಿಲ್ಲ. ಅವರಿಗೆ ಜೀವವನ್ನಾದರೂ ಬಿಡೋಣ.