ನೆಳಲೂ ಗಡಿಯಾರವೂ



ನಮ್ಮ ಭಾಷೆಯಲ್ಲಿ ಬಾರಿಸುವ ಗಂಟೆಗೂ ಹೊತ್ತನ್ನು ಅಳೆಯುವ ಗಂಟೆಗೂ ಒಂದೇ ಹೆಸರು. ಅದರಿಂದಲೋ ಏನೋ, ಜವಾನನು ಬಾರಿಸುವದರಿಂದಲೇ ಹೊತ್ತಾಗುವದೆಂದು ಸಣ್ಣ ತರಗತಿಯ ಮಕ್ಕಳು ಎಣಿಸುವರು. ಗಡಿಯಾರ ನೋಡಿ "ಹತ್ತೂಕಾಲು" ಎಂದು ತಪ್ಪಿಲ್ಲದೆ ಹೇಳುವ ಹುಡುಗಿಯನ್ನು "ಯಾವದರಲ್ಲಿ ಕಾಲು ಭಾಗ?" ಎಂದು ಕೇಳಿದರೆ ಸುಮ್ಮನೆ ನಿಲ್ಲುವಳು. ಹೊತ್ತು ಓದುವದು ಬೇರೆ, ಹೊತ್ತು ಅರಿಯುವದು ಬೇರೆ. ಎರಡನೆಯದಕ್ಕೆ ಕಣ್ಣಿನ ಜೊತೆಗೆ ಕೈಯೂ ಬೇಕು.

ಅಡಿಕೆಯ ಹಾಳೆಯನ್ನು ದುಂಡಗೆ ಕತ್ತರಿಸಿ, ತೆಂಗಿನ ಗರಿಯ ಕಡ್ಡಿಯನ್ನು ಮುಳ್ಳಾಗಿ ಸಿಕ್ಕಿಸಿದರೆ ಗಡಿಯಾರವಾಯಿತು. ಮೊದಲ ದಿನಗಳಲ್ಲಿ ಗಂಟೆಯ ಮುಳ್ಳನ್ನು ಮಾತ್ರ ಕೊಡತಕ್ಕದ್ದು. ಯೂರೋಪಿನ ಹಳೆಯ ಗಡಿಯಾರಗಳಿಗೂ ಆ ಒಂದೇ ಮುಳ್ಳು ಇದ್ದಿತು. ಅದು ಮೂರನ್ನು ದಾಟಿ ನಾಲ್ಕರ ಕಡೆಗೆ ಎಷ್ಟು ಸರಿದಿದೆ ಎಂದು ನೋಡಲು ಕಲಿತ ಮಗು ಕಾಲು, ಅರೆ, ಮುಕ್ಕಾಲುಗಳನ್ನು ತಾನೇ ಕಂಡುಕೊಳ್ಳುವದು. ಬಳಿಕ ಅಂಚಿನ ಸುತ್ತ ಅರುವತ್ತು ಹುಣಿಸೆಬೀಜಗಳನ್ನಿಟ್ಟು ಐದೈದಾಗಿ ಎಣಿಸಿದರೆ ಐದರ ಮಗ್ಗಿಗೂ ನಿಮಿಷದ ಮುಳ್ಳಿಗೂ ಇರುವ ನಂಟು ತಿಳಿಯುವದು. ಇಲ್ಲಿ ಒಂದು ಎಚ್ಚರಿಕೆ. ಕನ್ನಡವು ಕಳೆದ ಗಂಟೆಯಿಂದ ಎಣಿಸಿ "ಒಂಬತ್ತೂ ಮುಕ್ಕಾಲು" ಎನ್ನುವದು. ಇಂಗ್ಲಿಷಾದರೋ ಬರುವ ಗಂಟೆಯನ್ನು ನೋಡಿ, ಹತ್ತಕ್ಕೆ ಕಾಲು ಕಡಿಮೆ ಎನ್ನುವದು. ಎರಡನ್ನೂ ಒಂದೇ ವಾರದಲ್ಲಿ ಕಲಿಸಿ ಮಕ್ಕಳನ್ನು ಗಲಿಬಿಲಿಗೊಳಿಸಬಾರದು.

ಹೊತ್ತು ಹರಿಯುವದೆಂಬದನ್ನು ತೋರಿಸಲು ತೆಂಗಿನ ಕರಟವೇ ಸಾಕು. ಅದರ ತಳದಲ್ಲಿ ಸಣ್ಣ ತೂತು ಮಾಡಿ ನೀರಿನ ಬಾಲ್ದಿಯಲ್ಲಿ ತೇಲಬಿಟ್ಟರೆ ಅದು ಮೆಲ್ಲಮೆಲ್ಲನೆ ತುಂಬಿ ಮುಳುಗುವದು. ಹಿಂದಿನವರ ಗಳಿಗೆ ಬಟ್ಟಲಿನ ಕ್ರಮವೂ ಇದೇ: ಬಟ್ಟಲು ಒಮ್ಮೆ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ; ದಿನಕ್ಕೆ 60 ಗಳಿಗೆ. ಕರಟವನ್ನು ಸರಿಯಾಗಿ 24 ನಿಮಿಷಕ್ಕೆ ಮುಳುಗಿಸುವದು ಸುಲಭವಲ್ಲ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ಕೆಡುವದು. ಮಕ್ಕಳು ಕರಟದ ಮೇಲೆ ಕರಟವನ್ನು ಹಾಳುಮಾಡುವರು, ಮಾಡಲಿ.

ಇನ್ನು ನೆಳಲಿನ ವಿಷಯ. ಇದರಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾನು ಉಪಾಧ್ಯಾಯಿನಿಯಾದ ಹೊಸತರಲ್ಲಿ, 2004ನೆಯ ಇಸವಿ ಫೆಬ್ರವರಿಯಲ್ಲಿ, ಮಂಗಳೂರಿನ ನಮ್ಮ ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು, ಅದರ ನೆಳಲು ಯಾವಾಗ ಅತಿ ಗಿಡ್ಡವಾಗುವದೆಂದು ನೋಡಿ ಬರೆಯಲು ಏಳನೆಯ ತರಗತಿಗೆ ಹೇಳಿದೆನು. ಎಲ್ಲರೂ "12 ಗಂಟೆಗೆ" ಎಂದು ಬರೆದರು. ಒಬ್ಬಳು ಮಾತ್ರ "ಹನ್ನೆರಡೂ ಮುಕ್ಕಾಲಿಗೆ" ಎಂದು ಬರೆದಿದ್ದಳು. ಪುಸ್ತಕದಲ್ಲಿ ಹನ್ನೆರಡೆಂದಿತ್ತು. ನಾನು ಕೆಂಪು ಶಾಯಿಯಿಂದ ತಪ್ಪು ಹಾಕಿ ಎರಡು ಅಂಕ ಕಳೆದೆನು. ಅವಳು ಮಾತಾಡದೆ ಹೋಗಿ, ಅದನ್ನು ಅಳಿಸಿ 12 ಎಂದು ಬರೆದು ತಂದಳು. ಅದಕ್ಕೆ "ಸರಿ" ಎಂದು ಗುರುತು ಹಾಕಿದವಳೂ ನಾನೇ.

ಕೆಲವು ವರ್ಷಗಳ ಮೇಲೆ, ಮತ್ತೊಂದು ಫೆಬ್ರವರಿಯಲ್ಲಿ, ನಾನೇ ಬಿಸಿಲಿನಲ್ಲಿ ಕುಳಿತು ನೋಡಿದೆನು. ನಡುಹಗಲಿನಲ್ಲಿ ನೆಳಲಿನ ಉದ್ದ ಬಲು ನಿಧಾನವಾಗಿ ಬದಲಾಗುವದರಿಂದ ಬರೇ ಕಣ್ಣಳತೆ ಸಾಲದು. ಕೋಲಿನ ಸುತ್ತ ಒಂದು ವೃತ್ತವನ್ನೆಳೆದು, ನೆಳಲಿನ ತುದಿ ಅದನ್ನು ಬೆಳಿಗ್ಗೆಯೊಮ್ಮೆ, ಮಧ್ಯಾಹ್ನದ ಮೇಲೊಮ್ಮೆ ಮುಟ್ಟುವ ಹೊತ್ತುಗಳನ್ನು ಬರೆದುಕೊಳ್ಳಬೇಕು. ನನಗೆ ಸಿಕ್ಕಿದವು 11 ಗಂಟೆ 10 ನಿಮಿಷ ಮತ್ತು 2 ಗಂಟೆ 20 ನಿಮಿಷ. ಇವೆರಡರ ಸರಿಯಾದ ನಡು ಯಾವದೆಂದು ನೀವೇ ಲೆಕ್ಕ ಹಾಕಿರಿ: ಹನ್ನೆರಡೂ ಮುಕ್ಕಾಲು!

ಕಾರಣ ಇಷ್ಟೇ. ನಮ್ಮ ಗಡಿಯಾರಗಳು ತೋರಿಸುವ ಭಾರತೀಯ ಕಾಲಮಾನವು, 1906ರಲ್ಲಿ ಜಾರಿಗೆ ಬಂದಂದಿನಿಂದ, 82½ ಡಿಗ್ರಿ ಪೂರ್ವ ರೇಖಾಂಶದ ಸೂರ್ಯನನ್ನು ಅನುಸರಿಸುವದು. ಮಂಗಳೂರು ಅದಕ್ಕೆ ಸುಮಾರು 7⅔ ಡಿಗ್ರಿ ಪಶ್ಚಿಮದಲ್ಲಿದೆ. ಭೂಮಿಯು ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದುದರಿಂದ ಸೂರ್ಯನು ನಮ್ಮಲ್ಲಿ ನಡುನೆತ್ತಿಯ ಗೆರೆಗೆ ಬರುವಾಗ ಅರ್ಧ ತಾಸು ತಡ. ಇದಲ್ಲದೆ ಭೂಮಿಯ ಅಕ್ಷವು ಓರೆಯಾಗಿರುವದರಿಂದಲೂ ಅದರ ಪಥವು ಪೂರ್ಣ ವೃತ್ತವಲ್ಲದ್ದರಿಂದಲೂ ಸೂರ್ಯನು ಫೆಬ್ರವರಿಯಲ್ಲಿ ಇನ್ನೂ 14 ನಿಮಿಷ ಹಿಂದೆ ಬೀಳುವನು. ನವೆಂಬರಿನ ಮೊದಲಲ್ಲಿ 16 ನಿಮಿಷ ಮುಂದಾಗುವನು. ಅಂದರೆ ಇದೇ ಅಂಗಳದಲ್ಲಿ ಆಗ ನಡುಹಗಲು ಹನ್ನೆರಡೂಕಾಲಿಗೇ.

ತಂದೆತಾಯಿಗಳು ಇದನ್ನು ಮನೆಯಲ್ಲಿಯೂ ಮಾಡಿಸಬಹುದು. ಏಪ್ರಿಲ್ 24–25ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ಮಂಗಳೂರಿನಲ್ಲಿ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುವದರಿಂದ ನೆಟ್ಟಗೆ ನಿಂತ ಕೋಲಿಗೆ ಕ್ಷಣಕಾಲ ನೆಳಲೇ ಇರುವದಿಲ್ಲ. ಶಾಲೆಯಲ್ಲಿ ಇದನ್ನು ನೋಡುವ ಭಾಗ್ಯ ಕಡಿಮೆ: ಏಪ್ರಿಲಿನಲ್ಲಿ ರಜೆ, ಆಗಸ್ಟಿನಲ್ಲಿ ಮೋಡ. ಏಪ್ರಿಲಿನಲ್ಲಿ ಮಗುವನ್ನು ಹನ್ನೆರಡೂಕಾಲಿಗೇ ಅಂಗಳಕ್ಕೆ ಕರೆದು, ಕಂಡದ್ದನ್ನು ಕಂಡ ಹಾಗೆಯೇ ಬರೆಯಲು ಹೇಳಿರಿ.

ಈಗ ನಾನು ನೆಳಲಿನ ಪಾಠಕ್ಕೆ ಪುಸ್ತಕವನ್ನು ಮುಚ್ಚಿಡಿಸುತ್ತೇನೆ. ಆ ಹುಡುಗಿಯು ಈ ಪುಟವನ್ನು ಓದುವಳಾದರೆ, ಅವಳಿಗೆ ಸಲ್ಲಬೇಕಾದ ಎರಡು ಅಂಕಗಳು ನನ್ನಲ್ಲಿ ಉಳಿದಿವೆ.