ಲೈಟ್ ಉರಿಯುತ್ತೆ, ಸೆಲ್ಫ್ ಹೊಡೆಯಲ್ಲ!

ಪ್ರಶ್ನೆ: ನಮ್ಮದು ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಹಾರ್ನ್ ಜೋರಾಗಿಯೇ ಕೂಗುತ್ತದೆ, ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ. ಕೀ ತಿರುಗಿಸಿದರೆ ಮಾತ್ರ ‘ಕಟಕಟಕಟ’ ಅಂದು ಸುಮ್ಮನಾಗುತ್ತದೆ. ಬ್ಯಾಟರಿ ಹಾಕಿಸಿ ಆರು ತಿಂಗಳಾಗಿಲ್ಲ. ಬ್ಯಾಟರಿ ಸತ್ತಿದ್ದರೆ ಲೈಟ್ ಹೇಗೆ ಉರಿಯುತ್ತದೆ? ಸತ್ತಿಲ್ಲದಿದ್ದರೆ ಗಾಡಿ ಯಾಕೆ ಸ್ಟಾರ್ಟ್ ಆಗುವುದಿಲ್ಲ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಲೈಟಿನ ಹಸಿವೇ ಬೇರೆ, ಸೆಲ್ಫಿನ ಹಸಿವೇ ಬೇರೆ. 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬುಗಳು ಸೇರಿ ಎಳೆಯುವುದು ಸುಮಾರು 9 ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟಾರಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಬ್ಯಾಟರಿಯಿಂದ ಹೊರಡುವ ದಾರಿಯಲ್ಲಿ ಎಲ್ಲೋ 0.03 ಓಮ್ ತಡೆ ಸೇರಿಕೊಂಡಿದೆ ಅನ್ನಿ. 10 ಆಂಪಿಯರ್ ಹರಿದರೆ ಅಲ್ಲಿ ನಷ್ಟವಾಗುವುದು 0.3 ವೋಲ್ಟ್, ಲೈಟಿಗೆ ಅದು ಲೆಕ್ಕಕ್ಕೇ ಇಲ್ಲ. 150 ಆಂಪಿಯರ್ ಹರಿಯಬೇಕೆಂದರೆ ನಾಲ್ಕೂವರೆ ವೋಲ್ಟ್ ಅಲ್ಲೇ ಹೋಗುತ್ತದೆ. ಉಳಿದಿದ್ದರಲ್ಲಿ ಮೋಟಾರು ತಿರುಗುವುದಿಲ್ಲ.

ಆ ‘ಕಟಕಟ’ ಸೆಲ್ಫ್ ಮೇಲಿರುವ ಸೊಲೆನಾಯ್ಡಿನದು. ಕೀ ತಿರುಗಿಸಿದಾಗ ಅದು ಸೆಳೆದುಕೊಂಡು ಮೋಟಾರಿಗೆ ಸಂಪರ್ಕ ಕೊಡುತ್ತದೆ. ಕೊಟ್ಟ ಕ್ಷಣವೇ ವೋಲ್ಟೇಜ್ ಕುಸಿದು ಸೊಲೆನಾಯ್ಡಿನ ಹಿಡಿತ ತಪ್ಪುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಸೆಳೆಯುತ್ತದೆ. ಹೀಗಾಗಿ ಬಿಡಿ ಬಿಡಿ ಕಟಕಟ ಕೇಳಿದರೆ ನಾನು ಮೊದಲು ಸೆಲ್ಫನ್ನು ಬಿಚ್ಚಿಸುವುದಿಲ್ಲ. ಸೊಲೆನಾಯ್ಡ್ ತನ್ನ ಕೆಲಸ ಮಾಡುತ್ತಲೇ ಇದೆಯಲ್ಲ.

ಹೆಡ್‌ಲೈಟ್ ಹಾಕಿಕೊಂಡೇ ಕೀ ತಿರುಗಿಸಿ, ಎದುರಿನ ಗೋಡೆ ನೋಡಿ. ಬೆಳಕು ಪೂರಾ ಮಂಕಾದರೆ ತೊಂದರೆ ಬ್ಯಾಟರಿಯಲ್ಲಿ ಅಥವಾ ಅದರ ಟರ್ಮಿನಲ್ಲಿನಲ್ಲಿ. ಬೆಳಕು ಅಲುಗದೆ ಒಂದೇ ಒಂದು ‘ಟಕ್’ ಬಂದರೆ ಸೆಲ್ಫಿನ ಒಳಗಿನ ಸವೆತವೋ, ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯೋ ಇರಬಹುದು. ಕಾರ್ಬನ್ ಬ್ರಷ್ ಸವೆದ ಸೆಲ್ಫ್, ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ಒಮ್ಮೊಮ್ಮೆ ಎದ್ದುಬಿಡುತ್ತದೆ. ಮನೆ ಸೇರುವ ಮಟ್ಟಿಗೆ ಸಾಕು, ರಿಪೇರಿ ಅಂದುಕೊಳ್ಳಬೇಡಿ.

ನಿಮ್ಮ ಲಕ್ಷಣಕ್ಕೆ ನನ್ನ ಅನುಮಾನ ಟರ್ಮಿನಲ್ಲಿನ ಮೇಲೆ. ಬ್ಯಾಟರಿ ಬದಲಾಯಿಸುವವರು ಹಳೆಯ ಕ್ಲ್ಯಾಂಪನ್ನೇ ಒರೆಸದೆ ಕೂರಿಸಿ ಹೋಗುವುದು ಮಾಮೂಲು. ಕೈಯಲ್ಲಿ ತಿರುಚಿ ನೋಡಿ, ಕೂದಲೆಳೆಯಷ್ಟೂ ಅಲುಗಬಾರದು. ನೀಲಿ ಮಿಶ್ರಿತ ಹಸಿರು ಪುಡಿ ಇದ್ದರೆ ಅದು ಬ್ಯಾಟರಿಯ ಆಸಿಡ್ ತಾಮ್ರವನ್ನು ತಿಂದ ಗುರುತು. ಕಾಫಿ ಗಿಡಕ್ಕೆ ಬೋರ್ಡೋ ಕಲಸಲು ನೀವು ತರುವ ಮೈಲುತುತ್ತವೂ ಅದೇ ತಾಮ್ರದ ಸಲ್ಫೇಟು. ಎಂಜಿನ್ ಆಫ್ ಮಾಡಿ, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಅಡುಗೆ ಸೋಡಾ ಕಲಸಿದ ಬಿಸಿ ನೀರಿನಿಂದ ತೊಳೆದು, ಒಣಗಿಸಿ, ಸೀಸ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ. ಕೂರಿಸುವಾಗ ನೆಗೆಟಿವ್ ಕೊನೆಗೆ. ಪೆಟ್ರೋಲಿಯಂ ಜೆಲ್ಲಿ ಸವರುವುದು ಬಿಗಿ ಮಾಡಿದ ಮೇಲೆ.

ಮೀಟರ್ ಇದ್ದರೆ ಊಹೆಯೇ ಬೇಡ. ಕಡ್ಡಿ ಒಂದನ್ನು ಬ್ಯಾಟರಿಯ ಸೀಸದ ಕಂಬಕ್ಕೆ, ಇನ್ನೊಂದನ್ನು ಅದೇ ಕಂಬವನ್ನು ಹಿಡಿದಿರುವ ಕ್ಲ್ಯಾಂಪಿಗೆ ಒತ್ತಿ ಹಿಡಿದು, ಬೇರೊಬ್ಬರಿಂದ ಸೆಲ್ಫ್ ಹೊಡೆಸಿ. ಸೊನ್ನೆಯ ಆಸುಪಾಸಿನಲ್ಲಿ ಇರಬೇಕು. ಅರ್ಧ ವೋಲ್ಟ್ ತೋರಿಸಿದರೂ ಕಳ್ಳ ಅಲ್ಲೇ ಇದ್ದಾನೆ.

ಟರ್ಮಿನಲ್ ಸರಿಯಿದ್ದರೆ ಆಗ ಬ್ಯಾಟರಿ ನೋಡೋಣ. ಹೊಸದು ಅಂದಮಾತ್ರಕ್ಕೆ ಅದು ತುಂಬಿದೆ ಎಂದಲ್ಲ. ದಿನಾ ಪೇಟೆಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಸೆಲ್ಫ್ ತೆಗೆದುಕೊಂಡ ಸಾಲವೇ ತೀರುವುದು ಕಷ್ಟ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇಲ್ಲದಿದ್ದರೆ ಆಲ್ಟರ್ನೇಟರ್ ತೋರಿಸಿ.

ಇಷ್ಟೆಲ್ಲ ಹೇಳಿದ್ದು ಎಂಜಿನ್ ತಿರುಗದೇ ಇರುವ ಗಾಡಿಗೆ. ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ದಾರಿಯೇ ಬೇರೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡು ಪೆಟ್ರೋಲ್ ಪಂಪಿನ ಸದ್ದು ಬರುತ್ತದೆಯೇ, ಮೀಟರ್ ಬೋರ್ಡಿನಲ್ಲಿ ಕೀ ಚಿತ್ರ ಮಿನುಗುತ್ತಲೇ ಇದೆಯೇ, ಇಲಿ ವೈರ್ ಕಡಿದಿದೆಯೇ ನೋಡಿ. ಆಗ ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ, ಇದ್ದ ಬ್ಯಾಟರಿಯೂ ಕೂರುತ್ತದೆ, ಮೋಟಾರೂ ಸುಡುತ್ತದೆ.