ಸೂಳೆಕೆರೆಯ ಏರಿಯ ಮೇಲೆ ಸೆಕೆಯ ಪಾಠ

ಏಪ್ರಿಲ್ ಮಧ್ಯಾಹ್ನ ಸೂಳೆಕೆರೆಯ ಏರಿಯ ಮೇಲೆ ನಿಂತು ನೋಡಿ. ನೀರಿನ ಕಡೆಯಿಂದ ಗಾಳಿ ಬೀಸಿದರೆ ಹಾಯೆನಿಸುತ್ತದೆ. ಏರಿ ಇಳಿದು ನೀರು ಕಟ್ಟಿದ ಅಡಿಕೆ ತೋಟ ಹೊಕ್ಕಿರೋ, ಗಾಳಿ ನಿಂತು ಅಂಗಿ ಬೆನ್ನಿಗೆ ಅಂಟುತ್ತದೆ. ಅತ್ತ ಜಗಳೂರಿನ ಬಯಲಲ್ಲಿ ಬಿಸಿಲು ಇನ್ನೂ ಚುರುಕು. ಆದರೂ ಬೇವಿನ ನೆರಳು ಸಿಕ್ಕರೆ ಜೀವ ಬರುತ್ತದೆ. ಒಣಗಾಳಿ ಬೆವರನ್ನು ಕುಡಿದುಬಿಟ್ಟಿರುತ್ತದೆ.

ನಮ್ಮ ಮೈ ಒಳಗೆ ಸುಮಾರು 37 ಡಿಗ್ರಿಯಲ್ಲೇ ಇರಬೇಕು. ಹೊರಗೆ ಅದಕ್ಕಿಂತ ಬಿಸಿಯಾದಾಗ ನಮಗಿರುವ ದಾರಿ ಒಂದೇ, ಬೆವರು. ಬೆವರು ಸುರಿದರೆ ಸಾಲದು, ಆರಬೇಕು. ಆರುವಾಗಲೇ ಅದು ಮೈಯ ಕಾವನ್ನು ಒಯ್ಯುವುದು. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಆರದು.

ಇದನ್ನು ಅಳೆಯುವುದು ಸುಲಭ. ಎರಡು ಥರ್ಮಾಮೀಟರ್ ತಂದು ಒಂದರ ಬುಡಕ್ಕೆ ಒದ್ದೆ ಪಂಚೆಯ ತುಂಡು ಸುತ್ತಿ, ನೆರಳಲ್ಲಿ ಬೀಸಣಿಗೆಯಿಂದ ಗಾಳಿ ಹಾಕಿ. ಒದ್ದೆ ಬುಡದ್ದು ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ. ಅದೇ ಆರ್ದ್ರ ಉಷ್ಣಾಂಶ. 38 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ ಅದು 21ರ ಹತ್ತಿರ ನಿಲ್ಲುತ್ತದೆ. 34 ಡಿಗ್ರಿಯಷ್ಟೇ ಇದ್ದು ತೇವಾಂಶ ಶೇ. 60 ಇದ್ದರೆ 27 ದಾಟುತ್ತದೆ. ನೆರಳಲ್ಲಿ ದುಡಿಯುವವರಿಗೆ ಈ ಎರಡನೆಯ ದಿನವೇ ಹೆಚ್ಚು ಕಷ್ಟ. ಆರ್ದ್ರ ಉಷ್ಣಾಂಶ 35 ಮುಟ್ಟಿದರೆ ಗಟ್ಟಿಮುಟ್ಟಾದವರೂ ಹೆಚ್ಚು ಹೊತ್ತು ತಾಳಲಾರರು ಎಂಬುದು ಲೆಕ್ಕದ ಮಿತಿ. ಪ್ರಯೋಗಗಳಲ್ಲಿ ತರುಣರ ದೇಹವೇ 31ರ ಆಸುಪಾಸಿನಲ್ಲಿ ಸೋಲತೊಡಗಿದ್ದು ಕಂಡಿದೆ. ಆದ್ದರಿಂದ "ಇವತ್ತು ಎಷ್ಟು ಡಿಗ್ರಿ?" ಎಂದು ಕೇಳಿದರೆ ಅರ್ಧ ಮಾತ್ರ ಕೇಳಿದಂತೆ.

ಇನ್ನು ನಮ್ಮ ಬೇಸಗೆಯ ಸೆಕೆಯನ್ನು ಹೆಚ್ಚಿಸುವ ದೂರದ ಸಂಗತಿ. ಪೆಸಿಫಿಕ್ ಸಾಗರದ ನಡುಭಾಗ ಮತ್ತು ಪೂರ್ವಭಾಗದ ನೀರು ಕೆಲವು ವರ್ಷಗಳಿಗೊಮ್ಮೆ ಬಿಸಿಯಾಗುತ್ತದೆ. ಅದೇ ಎಲ್ ನಿನೊ. ಆಗ ಗಾಳಿಯ ದಾರಿ ಬದಲಾಗಿ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್, ಮುಂಗಾರು ಏಕೆ ಕೈಕೊಡುತ್ತದೆಂದು ಹುಡುಕುತ್ತಲೇ ಎಲ್ ನಿನೊ ಜೊತೆಗೇ ಸಾಗುವ ಪೆಸಿಫಿಕ್‌ನ ವಾಯುಭಾರದ ತೂಗಾಟವನ್ನು ಗುರುತಿಸಿದರು. ಮೈಸೂರು ಸೀಮೆಯನ್ನು ಹಿಂಡಿದ ಧಾತು, ಈಶ್ವರ ಸಂವತ್ಸರಗಳ ಬರಕ್ಕೂ (1876–78) ದೊಡ್ಡ ಎಲ್ ನಿನೊ ಒಂದರ ಸಂಬಂಧವಿತ್ತು. 2023ರಲ್ಲಿ ಎಲ್ ನಿನೊ ಬಂದಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಹಾಗೆಂದು ಲೆಕ್ಕ ಯಾವಾಗಲೂ ಸರಿಹೋಗದು. 1997ರಲ್ಲಿ ಎಲ್ ನಿನೊ ಬಲವಾಗಿದ್ದರೂ ದೇಶದ ಮುಂಗಾರು ಕೈಬಿಡಲಿಲ್ಲ, ಹಿಂದೂ ಮಹಾಸಾಗರ ನೆರವಿಗೆ ಬಂದಿತ್ತು. ಮಳೆ ಹೋದ ಮರುಬೇಸಗೆ ನೆಲದಲ್ಲಿ ಪಸೆ ಇರದು. ಪಸೆ ಆರಿಸುವುದಕ್ಕೆ ಹೋಗಬೇಕಾದ ಬಿಸಿಲ ಕಾವೆಲ್ಲ ಗಾಳಿಯನ್ನೇ ಕಾಯಿಸುತ್ತದೆ.

ಹೊಸಬರು ಇಲ್ಲಿಯೇ ಎಡವುತ್ತಾರೆ. ಸೆಕೆ ಹೆಚ್ಚಲು ಕಾರಣ ಎಲ್ ನಿನೊನೋ, ಭೂಮಿ ಬಿಸಿಯಾಗುತ್ತಿರುವುದೋ? ಮತ್ತೆ ಕೆರೆಯನ್ನೇ ನೋಡಿ. ಅಲೆ ಬೇರೆ, ನೀರಿನ ಮಟ್ಟ ಬೇರೆ. ಎಲ್ ನಿನೊ ಅಲೆ, ಬಂದು ಹೋಗುತ್ತದೆ. ಕಲ್ಲಿದ್ದಲು, ಪೆಟ್ರೋಲಿನ ಹೊಗೆಯಿಂದ ಏರುತ್ತಿರುವ ಕಾವು ಮಟ್ಟ. 1901ರಿಂದ 2018ರ ಹೊತ್ತಿಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ತೂಬಿನ ಮೆಟ್ಟಿಲು ನಾಲ್ಕು ಮುಳುಗಿದ ಮೇಲೆ ಸಣ್ಣ ಅಲೆಯೂ ಐದನೆಯದನ್ನು ತೋಯಿಸುತ್ತದಲ್ಲವೇ? ಸಾಲದ್ದಕ್ಕೆ, ಒಂದೊಂದು ಡಿಗ್ರಿ ಏರಿದಂತೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಆ ಆವಿ ರಾತ್ರಿ ನೆಲದ ಕಾವನ್ನು ಹೊರಹೋಗಲು ಬಿಡದು. ಹಗಲು ದುಡಿದ ಮೈಗೆ ರಾತ್ರಿಯೂ ಬಿಡುವಿಲ್ಲ. ನನಗೆ ಹಗಲಿನ ಬಿಸಿಲಿಗಿಂತ ಈ ರಾತ್ರಿಗಳದ್ದೇ ಚಿಂತೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಿಕ್ಷಕ ಮಿತ್ರರೇ, ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಆ ಎರಡು ಥರ್ಮಾಮೀಟರ್‌ಗಳ ಅಂಕಿಗಳನ್ನು ಮಕ್ಕಳ ಕೈಯಲ್ಲಿ ಬರೆಸಿ. ಒದ್ದೆ ಬಟ್ಟೆಯದ್ದು 27 ದಾಟಿದರೆ ಮರುದಿನ ಹೊಲಕ್ಕೆ ಹೋಗುವವರನ್ನು ಹನ್ನೊಂದರೊಳಗೆ ಮನೆಗೆ ಬರಹೇಳಿ.